ಗುಣ ಕಂಡಿತು, ಕಾರಣ ಕಾಣಲಿಲ್ಲ

1995ರ ಜನವರಿಯಲ್ಲಿ ಅಮೆರಿಕದ ‘ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್’ ಪತ್ರಿಕೆಯಲ್ಲಿ ಸಂಧಿವಾತದ ಬಗ್ಗೆ ಒಂದು ವರದಿ ಅಚ್ಚಾಯಿತು. ವೈದ್ಯರು ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಕರೆಯುವ ಕಾಯಿಲೆ ಇದು. ವಯಸ್ಸಾದವರ ಮಂಡಿ ಸವೆತಕ್ಕೂ ಇದಕ್ಕೂ ಸಂಬಂಧವಿಲ್ಲ. ಬೆಳಗ್ಗೆ ಎದ್ದರೆ ಗೆಣ್ಣುಗಳು ಬಿಗಿದು ಬೆರಳು ಮಡಚಲು ಬಾರದು, ವರ್ಷಗಳು ಕಳೆದಂತೆ ಕೈಯೇ ಸೊಟ್ಟಗಾಗುತ್ತದೆ. ಆರು ಕೇಂದ್ರಗಳಲ್ಲಿ 219 ರೋಗಿಗಳನ್ನು ಆರಿಸಿ, ಅರ್ಧದಷ್ಟು ಜನಕ್ಕೆ ದಿನಕ್ಕೆ 200 ಮಿಲಿಗ್ರಾಂ ಮಿನೊಸೈಕ್ಲಿನ್ ಎಂಬ ಆಂಟಿಬಯಾಟಿಕ್, ಉಳಿದವರಿಗೆ ನೋಡಲು ಹಾಗೇ ಇರುವ ಹುಸಿಮಾತ್ರೆ ಕೊಟ್ಟು 48 ವಾರ ಕಾದಿದ್ದರು. ಯಾರು ಏನು ನುಂಗುತ್ತಿದ್ದಾರೆ ಎಂಬುದು ರೋಗಿಗೂ ಗೊತ್ತಿರಲಿಲ್ಲ, ಕೀಲನ್ನು ಒತ್ತಿ ನೋಡುವ ವೈದ್ಯರಿಗೂ ಗೊತ್ತಿರಲಿಲ್ಲ. ಮಿನೊಸೈಕ್ಲಿನ್ ಪಡೆದವರಲ್ಲಿ ನೂರಕ್ಕೆ 54 ಜನಕ್ಕೆ ಊತ ಇಳಿದಿತ್ತು. ಹುಸಿಮಾತ್ರೆಯವರಲ್ಲಿ 39 ಜನಕ್ಕೆ. ಒತ್ತಿದಾಗಿನ ನೋವು ಕಡಿಮೆಯಾದವರು ಅತ್ತ 56, ಇತ್ತ 41. ಪವಾಡವೇನಲ್ಲ. ಆದರೆ ಇದು ಕೆಲಸಕ್ಕೆ ಬಾರದ ಔಷಧ ಎಂದು ಇನ್ನು ಯಾರೂ ಹೇಳುವಂತಿರಲಿಲ್ಲ. ಮಿನೊಸೈಕ್ಲಿನ್ ಸೇರಿದ ಟೆಟ್ರಾಸೈಕ್ಲಿನ್ ಗುಂಪಿನ ಔಷಧಗಳನ್ನು ಸಂಧಿವಾತಕ್ಕೆ ದಶಕಗಳ ಕಾಲ ಕೊಡುತ್ತ ಬಂದು, ಅದಕ್ಕಾಗಿಯೇ ಸಹವೈದ್ಯರ ಅನಾದರ ಕಟ್ಟಿಕೊಂಡಿದ್ದ ಥಾಮಸ್ ಮೆಕ್‌ಫರ್ಸನ್ ಬ್ರೌನ್ ತೀರಿಕೊಂಡು ಆಗಲೇ ಸುಮಾರು ಆರು ವರ್ಷ ಕಳೆದಿತ್ತು.

ಬ್ರೌನ್ ಅವರ ಹಿಂದೆ ನಿಂತ ರೋಗಿಗಳಿಗೆ ಇದು ಗೆಲುವು: ವೈದ್ಯರು ಬೇಡವೆಂದರೂ ಪಟ್ಟು ಬಿಡದವರು ಕೊನೆಗೂ ಸರಿಯಾದರು ಎಂದು ಅವರು ಈ ಕತೆ ಹೇಳುತ್ತಾರೆ. ಇನ್ನೊಂದು ಕಡೆಯವರು ಅದನ್ನೇ ತಿರುಗಿಸಿ, ಹುಚ್ಚು ಸಿದ್ಧಾಂತವೊಂದರ ಬಾಲ ಹಿಡಿದು ಬಂದ ಸಣ್ಣ ಕಾಕತಾಳೀಯ ಎನ್ನುತ್ತಾರೆ. ನನಗೆ ಎರಡೂ ಅರ್ಧ ಸತ್ಯವಾಗಿ ಕಾಣುತ್ತವೆ. ಈ ಔಷಧದಿಂದ ಗುಣ ಕಾಣುತ್ತದೆಯೇ, ಕಂಡರೆ ಏಕೆ ಕಾಣುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಎರಡೂ ಕಡೆಯವರು ಒಂದೇ ಗಂಟಿಗೆ ಕಟ್ಟಿದರು; ಒಂದಕ್ಕೆ ‘ಇಲ್ಲ’ ಎಂದ ಮೇಲೆ ಇನ್ನೊಂದಕ್ಕೂ ‘ಇಲ್ಲ’ ಎನ್ನಲೇಬೇಕು ಎಂದು ನಂಬಿದರು. ನಾಲ್ಕೈದು ದಶಕ ವ್ಯರ್ಥವಾದದ್ದು ಆ ಗಂಟಿನಿಂದ.

ಕೀಲುರೋಗಕ್ಕೆ ಸೋಂಕೇ ಮೂಲ ಎಂಬ ಯೋಚನೆ ಬ್ರೌನ್ ಅವರ ಸ್ವಂತದ್ದೇನಲ್ಲ. ಇಪ್ಪತ್ತನೇ ಶತಮಾನದ ಮೊದಲ ಮೂವತ್ತು ವರ್ಷ ಅದೇ ರೂಢಿಯ ವೈದ್ಯಶಾಸ್ತ್ರವಾಗಿತ್ತು. ಹಲ್ಲಿನ ಬೇರಿನಲ್ಲೋ ಟಾನ್ಸಿಲ್‌ನಲ್ಲೋ ಅಡಗಿದ ಕೀವು ರಕ್ತಕ್ಕೆ ವಿಷ ಬಿಟ್ಟು ಕೀಲುಗಳನ್ನು ಕೆಡಿಸುತ್ತದೆ ಎಂದು ಷಿಕಾಗೋದ ಫ್ರಾಂಕ್ ಬಿಲ್ಲಿಂಗ್ಸ್‌ರಂಥ ದೊಡ್ಡ ಹೆಸರಿನ ವೈದ್ಯರು ಬೋಧಿಸುತ್ತಿದ್ದರು. ಬೆರಳು ನೋವೆಂದು ಬಂದವರ ಬಾಯಿಂದ ಗಟ್ಟಿ ಹಲ್ಲುಗಳನ್ನೂ ಕಿತ್ತರು, ಟಾನ್ಸಿಲ್ ಕತ್ತರಿಸಿದರು. ನ್ಯೂಯಾರ್ಕಿನ ರಸೆಲ್ ಸೆಸಿಲ್ ಕೂಡ ಮೊದಲು ಈ ಪಂಥದವರೇ. ರೋಗಿಗಳ ರಕ್ತದಲ್ಲೂ ಕೀಲಿನಲ್ಲೂ ಸ್ಟ್ರೆಪ್ಟೊಕಾಕಸ್ ಕಂಡೆವೆಂದು 1929ರಲ್ಲಿ ವರದಿ ಮಾಡಿದವರು. ಅದೇ ಸೆಸಿಲ್ 1938ರಲ್ಲಿ ಆಂಜೆವಿನ್ ಎಂಬ ಸಹೋದ್ಯೋಗಿಯೊಡನೆ 200 ರೋಗಿಗಳ ಲೆಕ್ಕ ತೆಗೆದು, ಹಲ್ಲು ಕಿತ್ತದ್ದರಿಂದಲೂ ಟಾನ್ಸಿಲ್ ತೆಗೆದದ್ದರಿಂದಲೂ ಸಂಧಿವಾತಕ್ಕೆ ಏನೂ ಉಪಯೋಗವಾಗಿಲ್ಲ ಎಂದು ಒಪ್ಪಿಕೊಂಡರು. ವೈದ್ಯಕೀಯದಲ್ಲಿ ಅಂಥ ಪ್ರಾಮಾಣಿಕತೆ ಅಪರೂಪ. ಅದರ ಪರಿಣಾಮ ಮಾತ್ರ ಒಂದು ಇಡೀ ಪೀಳಿಗೆಯ ಮೇಲಾಯಿತು. ‘ಸೋಂಕು’ ಎಂಬ ಮಾತು ಕಿವಿಗೆ ಬಿದ್ದರೆ ಕೀಲುರೋಗ ತಜ್ಞರಿಗೆ ಹಲ್ಲಿಲ್ಲದ ಬಾಯಿಗಳು ನೆನಪಾಗುತ್ತಿದ್ದವು. ಅವರ ಅಪನಂಬಿಕೆಯನ್ನು ಅಹಂಕಾರ ಎಂದು ತಳ್ಳಿಹಾಕುವವರು ಇದನ್ನು ಮರೆಯಬಾರದು.

ಸೆಸಿಲ್ ಬಾಗಿಲು ಮುಚ್ಚಿದ ಹೊತ್ತಿಗೇ ಬ್ರೌನ್ ಇನ್ನೊಂದು ಬಾಗಿಲು ತೆಗೆದರು. ರಾಕ್‌ಫೆಲರ್ ಸಂಸ್ಥೆಯಲ್ಲಿ ಹೋಮರ್ ಸ್ವಿಫ್ಟ್ ಜೊತೆ ಕೆಲಸ ಮಾಡುತ್ತಿದ್ದ ಅವರು, ರುಮ್ಯಾಟಿಕ್ ಜ್ವರದ ರೋಗಿಗಳ ದ್ರವ ಮತ್ತು ಅಂಗಾಂಶಗಳಲ್ಲಿ ಅತಿ ಸೂಕ್ಷ್ಮವಾದ ಒಂದು ಜೀವಿ ಸಿಕ್ಕಿತೆಂದು 1939ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಇಂದು ಆ ಜಾತಿಗೆ ಮೈಕೊಪ್ಲಾಸ್ಮ ಎನ್ನುತ್ತೇವೆ. ಇದಕ್ಕೆ ಉಳಿದ ಬ್ಯಾಕ್ಟೀರಿಯಾಗಳಂತೆ ಕೋಶದ ಗೋಡೆಯಿಲ್ಲ. ಗೋಡೆ ಕಟ್ಟುವುದನ್ನು ತಡೆದು ಕೊಲ್ಲುವ ಪೆನಿಸಿಲಿನ್‌ಗೆ ಆದ್ದರಿಂದ ಇದು ಬಗ್ಗುವುದಿಲ್ಲ. ಪ್ರೋಟೀನು ತಯಾರಿಕೆಗೇ ಅಡ್ಡ ಬರುವ ಟೆಟ್ರಾಸೈಕ್ಲಿನ್‌ಗೆ ಬಗ್ಗುತ್ತದೆ. ಅದೇ ಸಂಸ್ಥೆಯಲ್ಲಿದ್ದ, ಮುಂದೆ ಪೋಲಿಯೊ ಹನಿಯಿಂದ ಹೆಸರಾದ ಆಲ್ಬರ್ಟ್ ಸೇಬಿನ್ ಇಂಥದೇ ಜೀವಿಯಿಂದ ಇಲಿಗಳಿಗೆ ಸಂಧಿವಾತದಂಥ ರೋಗ ಬರಿಸಿ, ಚಿನ್ನದ ಲವಣಗಳಿಂದ ಅದನ್ನು ವಾಸಿ ಮಾಡಿದರು. ಸೇಬಿನ್‌ರ ಕೆಲಸಕ್ಕೆ ಇನ್ನೊಂದು ಮುಖವೂ ಇತ್ತು. ಪ್ರಯೋಗಾಲಯದ ಇಲಿಗಳ ಮೈಯಲ್ಲಿ ಈ ಜೀವಿಗಳು ಮೊದಲಿನಿಂದಲೇ ಇರುತ್ತವೆ ಎಂದಾದ ಮೇಲೆ, ಮನುಷ್ಯನಿಂದ ತೆಗೆದೆವು ಎನ್ನುವುದು ಇಲಿಯಿಂದಲೇ ಬೆರೆತು ಬಂದಿರಬಹುದಲ್ಲ ಎಂಬ ಗುಮಾನಿ ಹುಟ್ಟಿತು. ಆ ಗುಮಾನಿಯನ್ನು ಬ್ರೌನ್ ಕೊನೆಯವರೆಗೂ ಪೂರ್ತಿ ತೊಡೆಯಲಾಗಲಿಲ್ಲ. ಸಂಧಿವಾತದ ಕೀಲಿನಿಂದ ಮೈಕೊಪ್ಲಾಸ್ಮವನ್ನು ತಪ್ಪದೆ, ಎಲ್ಲ ಪ್ರಯೋಗಾಲಯಗಳಲ್ಲೂ ಬೆಳೆಸಿ ತೋರಿಸಿದವರು ಯಾರೂ ಇಲ್ಲ.

ಆದರೂ ಟೆಟ್ರಾಸೈಕ್ಲಿನ್ ಕೈಗೆ ಸಿಕ್ಕ ಮೇಲೆ ಬ್ರೌನ್ ಅದನ್ನು ರೋಗಿಗಳಿಗೆ ಕೊಡತೊಡಗಿದರು. ಕೊನೆಯ ವರ್ಷಗಳಲ್ಲಿ ವರ್ಜೀನಿಯದ ಆರ್ಲಿಂಗ್ಟನ್ನಿನಲ್ಲಿ ಅವರ ಚಿಕಿತ್ಸಾಲಯವಿತ್ತು. ಬೇರೆ ಕಡೆ ಕೈಬಿಟ್ಟವರು ಅಲ್ಲಿಗೆ ಬರುತ್ತಿದ್ದರು. ಪದ್ಧತಿ ಹೀಗೆ: ಸಣ್ಣ ಪ್ರಮಾಣ, ಬಹಳ ಸಲ ದಿನ ಬಿಟ್ಟು ದಿನ, ಸೋಮವಾರ, ಬುಧವಾರ, ಶುಕ್ರವಾರ, ಹಾಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ. ಶುರುವಿನಲ್ಲಿ ನೋವು ಕೆರಳಿದರೆ ಹೆದರಬೇಡಿ, ಸಾಯುತ್ತಿರುವ ಸೂಕ್ಷ್ಮಜೀವಿಗಳು ಬಿಡುವ ವಿಷ ಅದು ಎನ್ನುತ್ತಿದ್ದರು. ಉಪದಂಶದ ಚಿಕಿತ್ಸೆಯಲ್ಲಿ ವೈದ್ಯರು ಕಂಡಿದ್ದ ಯಾರಿಶ್–ಹರ್ಕ್ಸ್‌ಹೈಮರ್ ಪ್ರತಿಕ್ರಿಯೆಯನ್ನು ಇಲ್ಲಿಗೆ ಎಳೆದುತಂದಿದ್ದರು. ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ ಕೀಲು ಹಿಡಿದುಕೊಂಡ ಗೊರಿಲ್ಲಾಗೂ ಇದೇ ಔಷಧ ಕೊಟ್ಟರು. ಗೊರಿಲ್ಲಾಗೆ ವೈದ್ಯರ ಮೇಲಿನ ನಂಬಿಕೆಯಿಂದ ಗುಣವಾಗುವುದಿಲ್ಲವಲ್ಲ ಎಂಬುದು ಅಭಿಮಾನಿಗಳ ವಾದ. 1988ರಲ್ಲಿ ಹೆನ್ರಿ ಸ್ಕ್ಯಾಮೆಲ್ ಜೊತೆ ಬರೆದ ‘ದಿ ರೋಡ್ ಬ್ಯಾಕ್’ ಪುಸ್ತಕ ಈ ಚಿಕಿತ್ಸೆಯನ್ನು ದೇಶವಿಡೀ ಹರಡಿತು. ಪುಸ್ತಕ ಹಿಡಿದುಕೊಂಡು ಹೋದವರಿಗೆ ತಮ್ಮೂರಿನ ವೈದ್ಯರಿಂದ ಸಾಮಾನ್ಯವಾಗಿ ಸಿಕ್ಕಿದ್ದು ತಲೆಯಾಡಿಸುವ ‘ಬೇಡ’.

ಆ ‘ಬೇಡ’ಕ್ಕೆ ಗಟ್ಟಿ ಕಾರಣಗಳಿದ್ದವು. ಸಂಧಿವಾತ ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ. ಉಲ್ಬಣಿಸಿದಾಗಲೇ ಜನ ಹೊಸ ಚಿಕಿತ್ಸೆ ಹುಡುಕುವುದರಿಂದ, ಯಾವ ಔಷಧ ಕೊಟ್ಟರೂ ಕೆಲವರಿಗೆ ಗುಣ ಕಂಡೇ ಕಾಣುತ್ತದೆ. 1995ರ ಪರೀಕ್ಷೆಯಲ್ಲಿ ಬರಿಯ ಹುಸಿಮಾತ್ರೆ ತಿಂದವರಲ್ಲೂ ನೂರಕ್ಕೆ 39 ಜನರ ಊತ ಇಳಿದದ್ದನ್ನು ಮೇಲೆ ಹೇಳಿದೆ. ಹೀಗಿರುವಾಗ ಸಾವಿರ ರೋಗಿಗಳು ವಾಸಿಯಾದರೆಂದು ವೈದ್ಯರೊಬ್ಬರು ಹೇಳಿಕೊಂಡರೆ ಅದು ಪುರಾವೆಯಲ್ಲ. ‘ಕೆರಳಿದರೂ ಒಳ್ಳೆಯದೇ’ ಎಂಬ ಮಾತಂತೂ ಇನ್ನೂ ಅಪಾಯದ್ದು. ನೋವು ಇಳಿದರೆ ಔಷಧ ಹಿಡಿಯಿತು, ಏರಿದರೂ ಔಷಧ ಹಿಡಿಯಿತು ಎಂದಾದರೆ ಔಷಧ ಹಿಡಿಯಲಿಲ್ಲ ಎಂದು ತಿಳಿಯುವ ದಾರಿ ಯಾವುದು? ಬ್ರೌನ್ ದೊಡ್ಡ ಗುಂಪಿನ, ಹುಸಿಮಾತ್ರೆ ಎದುರಿಟ್ಟ ಪರೀಕ್ಷೆಯನ್ನು ತಾವೇ ನಡೆಸಿ ಮುಗಿಸಲಿಲ್ಲ. 1971ರಲ್ಲಿ ಮಾರ್ಥಾ ಸ್ಕಿನ್ನರ್ ಮತ್ತು ಸಂಗಡಿಗರು ಅಂಥದೊಂದನ್ನು ಮಾಡಿದರು: ದಿನಕ್ಕೆ 250 ಮಿಲಿಗ್ರಾಂ ಟೆಟ್ರಾಸೈಕ್ಲಿನ್, ಒಂದು ವರ್ಷ. ಹುಸಿಮಾತ್ರೆಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. ಅಲ್ಲಿಗೆ ವಿಷಯ ಮುಗಿಯಿತು ಎಂದು ಹೆಚ್ಚಿನವರು ಫೈಲು ಕಟ್ಟಿದರು. ಆದರೆ ಅದರಲ್ಲಿ ಇದ್ದ ರೋಗಿಗಳ ಸಂಖ್ಯೆ ಮೂವತ್ತರ ಆಸುಪಾಸು. ಅಷ್ಟು ಕಡಿಮೆ ಜನರಲ್ಲಿ ನೂರಕ್ಕೆ ಹದಿನೈದರ ವ್ಯತ್ಯಾಸ ನಿಜವಾಗಿ ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಕಾಣಲಿಲ್ಲ ಎಂಬುದನ್ನು ಇಲ್ಲ ಎಂದು ಓದಿದ್ದು ಸಂದೇಹವಾದಿಗಳ ತಪ್ಪು.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಈ ಕತೆಯಲ್ಲಿ ನನಗೆ ಎಲ್ಲಕ್ಕಿಂತ ಸ್ವಾರಸ್ಯವೆನಿಸುವುದು ಅದೇ. ಬ್ರೌನ್ ಅವರ ಸಿದ್ಧಾಂತ ಒಪ್ಪದ ವೈದ್ಯರು ಅದೇ ದಿನ, ಅದೇ ಕೋಣೆಯಲ್ಲಿ ಸಂಧಿವಾತದ ರೋಗಿಗಳಿಗೆ ಚಿನ್ನದ ಲವಣದ ಇಂಜೆಕ್ಷನ್ ಕೊಡುತ್ತಿದ್ದರು. ಚಿನ್ನ ಅಲ್ಲಿಗೆ ಬಂದದ್ದು ಹೇಗೆ? ಚಿನ್ನದ ಸಯನೈಡು ಕ್ಷಯದ ಬ್ಯಾಕ್ಟೀರಿಯಾ ಬೆಳೆಯದಂತೆ ಮಾಡುತ್ತದೆ ಎಂದು ರಾಬರ್ಟ್ ಕಾಕ್ 1890ರಲ್ಲಿ ಹೇಳಿದ್ದರು. ಸಂಧಿವಾತವೂ ಕ್ಷಯದ ಬಂಧುವೇ ಇರಬೇಕೆಂದು ಊಹಿಸಿದ ಫ್ರಾನ್ಸಿನ ಜಾಕ್ ಫಾರೆಸ್ಟಿಯೆ 1929ರಲ್ಲಿ ಚಿನ್ನವನ್ನು ಇದಕ್ಕೂ ಹಚ್ಚಿದರು. ಊಹೆ ಪೂರ್ತಿ ಸುಳ್ಳು. ಚಿನ್ನ ಮಾತ್ರ ಕೆಲಸ ಮಾಡಿತು. ಗ್ಲಾಸ್ಗೊದ ಥಾಮಸ್ ಫ್ರೇಸರ್ 1945ರಲ್ಲೂ, ಬ್ರಿಟನ್ನಿನ ಎಂಪೈರ್ ರುಮ್ಯಾಟಿಸಂ ಕೌನ್ಸಿಲ್ 1960ರಲ್ಲೂ ಹುಸಿಮದ್ದಿಗೆ ಎದುರಿಟ್ಟು ಅದನ್ನು ಸಾಬೀತು ಮಾಡಿದರು. ಸ್ವೀಡನ್ನಿನ ನನ್ನಾ ಸ್ವಾರ್ಟ್ಸ್ ಅವರದೂ ಇದೇ ಕತೆ. ಸಂಧಿವಾತ ಸೋಂಕಿನಿಂದ ಬರುತ್ತದೆ ಎಂದು ನಂಬಿದ ಆಕೆ, ಬ್ಯಾಕ್ಟೀರಿಯಾ ತಡೆಯುವ ಸಲ್ಫಾ ಔಷಧವನ್ನೂ ನೋವು ತಣಿಸುವ ಸ್ಯಾಲಿಸಿಲಿಕ್ ಆಮ್ಲವನ್ನೂ ಒಂದೇ ಅಣುವಿನಲ್ಲಿ ಬೆಸೆದು ಸಲ್ಫಾಸಲಜೀನ್ ಮಾಡಿಸಿದರು. 1940ರ ದಶಕದ ಕೊನೆಗೆ ಎಡಿನ್‌ಬರೋದ ಪರೀಕ್ಷೆಯೊಂದು ಅನುಕೂಲವಾಗಿ ಬರಲಿಲ್ಲ. ಔಷಧ ಮೂಲೆ ಸೇರಿತು. ಮೂವತ್ತು ವರ್ಷ ಕಳೆದ ಮೇಲೆ ಬರ್ಮಿಂಗ್‌ಹ್ಯಾಮಿನ ಬ್ರಯನ್ ಮೆಕಾಂಕಿ ಅದನ್ನು ಧೂಳು ಕೊಡವಿ ತೆಗೆದು ನೋಡಿದರೆ, ಚೆನ್ನಾಗಿಯೇ ಗುಣ ಕೊಡುತ್ತಿತ್ತು. ಇಂದು ಬೆಂಗಳೂರಿನಲ್ಲೂ ಹುಬ್ಬಳ್ಳಿಯಲ್ಲೂ ಸಂಧಿವಾತದ ಚೀಟಿಯಲ್ಲಿ ಸಲ್ಫಾಸಲಜೀನ್ ಬರೆಯುವಾಗ ಅದು ಸೋಂಕಿನ ಸಿದ್ಧಾಂತದ ಮಗು ಎಂದು ಯಾರೂ ಹಿಂಜರಿಯುವುದಿಲ್ಲ. ಮಲೇರಿಯಾದ ಹೈಡ್ರಾಕ್ಸಿಕ್ಲೋರೊಕ್ವಿನ್ ಬಗ್ಗೆಯೂ ಅದೇ ಮಾತು. ಕೀಲುರೋಗ ಶಾಸ್ತ್ರದ ಔಷಧದ ಕಪಾಟಿನಲ್ಲಿ ತಪ್ಪು ಕಾರಣಕ್ಕೆ ಬಂದು ಸರಿಯಾಗಿ ಕೆಲಸ ಮಾಡಿದವೇ ತುಂಬಿರುವಾಗ, ಟೆಟ್ರಾಸೈಕ್ಲಿನ್ ಒಂದನ್ನೇ ಅದರ ಸಿದ್ಧಾಂತ ಸರಿಯಿಲ್ಲವೆಂದು ಹೊರಗಿಡಲು ನ್ಯಾಯವೇನಿತ್ತು?

ಕಾಲ ಬದಲಾಗಿತ್ತು ಎಂಬುದು ಉತ್ತರ. 1948ರ ಸೆಪ್ಟೆಂಬರಿನಲ್ಲಿ ಮೇಯೊ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಹಾಸಿಗೆ ಹಿಡಿದಿದ್ದ 29 ವರ್ಷದ ಹೆಂಗಸಿಗೆ ಕಾರ್ಟಿಸೋನ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದಳು. 1950ರಲ್ಲಿ ಹೆಂಚ್, ಕೆಂಡಲ್, ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಕೀಲುಗಳ ಕಾಯಿಲೆ ಹೊರಗಿನ ಕ್ರಿಮಿಯಿಂದಲ್ಲ, ಒಳಗಿನ ತಾಳ ತಪ್ಪಿ ಬಂದದ್ದು ಎಂಬ ನೋಟ ಆಗ ಬಲವಾಯಿತು. ರೋಗಿಗಳ ರಕ್ತದಲ್ಲಿ ಸ್ವಂತ ದೇಹದ ಪ್ರೋಟೀನಿಗೇ ಅಂಟಿಕೊಳ್ಳುವ ‘ರುಮಟಾಯ್ಡ್ ಫ್ಯಾಕ್ಟರ್’ ಪತ್ತೆಯಾದ ಮೇಲಂತೂ ರೋಗನಿರೋಧಕ ವ್ಯವಸ್ಥೆ ತನ್ನ ಮೇಲೇ ತಿರುಗಿ ಬೀಳುತ್ತದೆ ಎಂಬ ವಿವರಣೆ ಪಠ್ಯಪುಸ್ತಕ ಸೇರಿತು. ಕಾರ್ಟಿಸೋನಿನ ಕಹಿ ಗೊತ್ತಾಗಲು ಹೆಚ್ಚು ವರ್ಷ ಬೇಕಾಗಲಿಲ್ಲ: ಮುಖ ಊದಿತು, ಮೂಳೆ ಟೊಳ್ಳಾಯಿತು, ಬಿಟ್ಟರೆ ರೋಗ ಮರಳಿತು. ಆದರೆ ಅದು ಕೊಟ್ಟ ಚೌಕಟ್ಟು ಉಳಿಯಿತು. ಆ ಚೌಕಟ್ಟಿನೊಳಗೆ ಆಂಟಿಬಯಾಟಿಕ್‌ಗೆ ಕೂರಲು ಜಾಗವೇ ಇರಲಿಲ್ಲ. ಚಿನ್ನ ಚೌಕಟ್ಟು ಕಟ್ಟುವ ಮೊದಲೇ ಒಳಗೆ ಬಂದು ಕೂತಿತ್ತು.

ಚೌಕಟ್ಟು ಸಡಿಲವಾದದ್ದು ನಿರೀಕ್ಷಿಸದ ದಿಕ್ಕಿನಿಂದ, ಹಲ್ಲಿನ ವೈದ್ಯರಿಂದ. ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕಿನಲ್ಲಿ ವಸಡಿನ ರೋಗದ ಮೇಲೆ ಕೆಲಸ ಮಾಡುತ್ತಿದ್ದ ಲಾರ್ನ್ ಗಾಲಬ್, ಟೆಟ್ರಾಸೈಕ್ಲಿನ್‌ಗಳು ಬ್ಯಾಕ್ಟೀರಿಯಾ ಕೊಲ್ಲುವುದಲ್ಲದೆ ಕಾಲಜನ್ ತಿಂದುಹಾಕುವ ಕಿಣ್ವಗಳನ್ನೂ ತಡೆಯುತ್ತವೆ ಎಂದು 1980ರ ದಶಕದಲ್ಲಿ ತೋರಿಸಿದರು. ಸಂಧಿವಾತದಲ್ಲಿ ಮೃದ್ವಸ್ಥಿಯನ್ನು ಕರಗಿಸುವುದು ಆ ಬಗೆಯ ಕಿಣ್ವಗಳೇ. ಅಣುವಿನ ಒಂದು ಮೂಲೆಯನ್ನು ಕತ್ತರಿಸಿ ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿಯನ್ನು ತೆಗೆದುಹಾಕಿದರೂ ಕಿಣ್ವ ತಡೆಯುವ ಗುಣ ಉಳಿಯಿತು. ಈಗ ಟೆಟ್ರಾಸೈಕ್ಲಿನ್ ಅನ್ನು ಪರೀಕ್ಷಿಸಲು ಮೈಕೊಪ್ಲಾಸ್ಮವನ್ನು ನಂಬಬೇಕಾದ ಹಂಗಿರಲಿಲ್ಲ; ಮರ್ಯಾದಸ್ಥರೂ ಕೈ ಹಾಕಬಹುದಾಗಿತ್ತು. ನೆದರ್ಲೆಂಡ್ಸಿನ ಲೈಡನ್‌ನಲ್ಲಿ 1994ರಲ್ಲಿ 80 ರೋಗಿಗಳ ಪರೀಕ್ಷೆ, ಮರುವರ್ಷ ಅಮೆರಿಕದ 219ರ ಪರೀಕ್ಷೆ, 1997ರಲ್ಲಿ ನೆಬ್ರಾಸ್ಕಾದ ಜೇಮ್ಸ್ ಓಡೆಲ್ ಅವರದು. ಓಡೆಲ್ ಕಾಯಿಲೆ ಶುರುವಾಗಿ ವರ್ಷ ತುಂಬದ 46 ಜನರನ್ನೇ ಆರಿಸಿದರು. ಆರು ತಿಂಗಳಲ್ಲಿ ರೋಗ ಅರ್ಧಕ್ಕರ್ಧ ಇಳಿದವರು ಮಿನೊಸೈಕ್ಲಿನ್ ಗುಂಪಿನ 23ರಲ್ಲಿ 15, ಹುಸಿಮಾತ್ರೆಯ 23ರಲ್ಲಿ 3. ಹಳೆಯ ರೋಗಿಗಳಲ್ಲಿ ಕುಂಟುತ್ತಿದ್ದ ಔಷಧ ಹೊಸಬರಲ್ಲಿ ಓಡಿತ್ತು.

ಬ್ರೌನ್ ಗೆದ್ದರೆಂದು ಇಷ್ಟಕ್ಕೇ ಹೇಳಿಬಿಡಬಹುದೇ? ಓಡೆಲ್ ಅವರೇ 2006ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆ ಇದಕ್ಕೆ ಹೆಚ್ಚುಕಡಿಮೆ ಉತ್ತರ ಕೊಟ್ಟಿತು. ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದ ಇಲಿಜ್ವರಕ್ಕೆ ಕೊಡುವ, ಟೆಟ್ರಾಸೈಕ್ಲಿನ್ ಗುಂಪಿನದೇ ಆದ ಡಾಕ್ಸಿಸೈಕ್ಲಿನ್ ಅದರಲ್ಲಿ ಬಳಸಿದ ಔಷಧ. ಸಂಧಿವಾತದ ಮುಖ್ಯ ಔಷಧ ಮೆಥೊಟ್ರೆಕ್ಸೇಟ್ ಶುರುಮಾಡಿದ 66 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ದಿನಕ್ಕೆರಡು ಬಾರಿ 100 ಮಿಲಿಗ್ರಾಂ, ಇನ್ನೊಂದಕ್ಕೆ ದಿನಕ್ಕೆರಡು ಬಾರಿ ಬರೀ 20 ಮಿಲಿಗ್ರಾಂ, ಮೂರನೆಯದಕ್ಕೆ ಹುಸಿಮಾತ್ರೆ. ಇಪ್ಪತ್ತು ಮಿಲಿಗ್ರಾಂ ಎಂದರೆ ಬ್ಯಾಕ್ಟೀರಿಯಾವನ್ನು ಕೊಲ್ಲಲು ಸಾಲದ ಪ್ರಮಾಣ. ಚೆನ್ನಾಗಿ ಸುಧಾರಿಸಿದವರು ದೊಡ್ಡ ಪ್ರಮಾಣದಲ್ಲಿ ನೂರಕ್ಕೆ ಸುಮಾರು 42, ಸಣ್ಣದರಲ್ಲಿ 39, ಹುಸಿಮಾತ್ರೆಯಲ್ಲಿ 12. ಕೊಲ್ಲುವ ಪ್ರಮಾಣವೂ ಕೊಲ್ಲದ ಪ್ರಮಾಣವೂ ಹೆಚ್ಚುಕಡಿಮೆ ಒಂದೇ ಗುಣ ಕೊಟ್ಟವು ಎಂದ ಮೇಲೆ, ಗುಣ ಬಂದದ್ದು ಕೊಂದದ್ದರಿಂದ ಎನ್ನುವುದು ಕಷ್ಟ. ಬ್ರೌನ್ ಸಣ್ಣ ಪ್ರಮಾಣವನ್ನೇ ಕೊಡುತ್ತಿದ್ದರಲ್ಲ ಎಂದು ಅವರ ಕಡೆಯವರು ಹೇಳಬಹುದು. ಹೌದು, ಕೊಡುತ್ತಿದ್ದರು, ಆದರೆ ಕ್ರಿಮಿಯನ್ನು ಸದೆಬಡಿಯಲೆಂದೇ ಕೊಡುತ್ತಿದ್ದರು. ಅವರ ಚೀಟಿಗೆ ಪುರಾವೆ ಸಿಕ್ಕಿತು, ಅವರ ಸಿದ್ಧಾಂತಕ್ಕೆ ಸಿಗಲಿಲ್ಲ.

ವಾಸಿಯಾದ ಮೇಲೆ ಕಾರಣ ಕಟ್ಟಿಕೊಂಡು ಏನಾಗಬೇಕು ಎಂಬ ಆಕ್ಷೇಪ ಇಲ್ಲಿ ಬಂದೇ ಬರುತ್ತದೆ. ಕಾರಣ ಬೇಕಾಗುವುದು ಒಂದು ರೋಗದಿಂದ ಇನ್ನೊಂದಕ್ಕೆ ಹೋಗುವಾಗ. ಬ್ರೌನ್ ಪಂಥಕ್ಕೆ ಮೈಕೊಪ್ಲಾಸ್ಮವೇ ಎಲ್ಲದರ ಮೂಲವಾದ್ದರಿಂದ, ಚರ್ಮ ಕಲ್ಲಿನಂತೆ ಗಟ್ಟಿಯಾಗುವ ಸ್ಕ್ಲೆರೊಡರ್ಮಕ್ಕೂ ಅದೇ ಔಷಧ ಎಂದಾಯಿತು. 1998ರಲ್ಲಿ ‘ಲಾನ್ಸೆಟ್’ನಲ್ಲಿ ಬಂದ 11 ರೋಗಿಗಳ ಪುಟ್ಟ ವರದಿ ಆಸೆ ಹುಟ್ಟಿಸಿತು. ಹಲವು ಕೇಂದ್ರಗಳಲ್ಲಿ ಹೆಚ್ಚು ರೋಗಿಗಳ ಮೇಲೆ ಮಾಡಿ ನೋಡಿದಾಗ ಉಪಯೋಗವಿಲ್ಲವೆಂದು 2004ರಲ್ಲಿ ತಿಳಿಯಿತು. ಸೋಂಕೇ ಮೂಲವಾದ ಕೀಲುರೋಗಗಳಲ್ಲಿ ಲೆಕ್ಕ ಬೇರೆಯೇ. 1975ರಲ್ಲಿ ಕನೆಕ್ಟಿಕಟ್ಟಿನ ಲೈಮ್ ಊರಿನ ಪಾಲಿ ಮರ್ರೆ ಮತ್ತು ಇನ್ನೊಬ್ಬ ತಾಯಿ, ಇಷ್ಟು ಮಕ್ಕಳಿಗೆ ಒಟ್ಟಿಗೇ ಸಂಧಿವಾತ ಬರಲು ಹೇಗೆ ಸಾಧ್ಯ ಎಂದು ರಾಜ್ಯದ ಆರೋಗ್ಯ ಇಲಾಖೆಗೆ ಫೋನು ಮಾಡಿದರು. ಮಕ್ಕಳ ಸಂಧಿವಾತ ಎಂದು ವೈದ್ಯರು ಬರೆದುಕೊಟ್ಟಿದ್ದ ಚೀಟಿಗಳನ್ನು ಅವರು ನಂಬಲಿಲ್ಲ. ಯೇಲ್‌ನ ಆಲನ್ ಸ್ಟೀರ್ ಬಂದು ಲೆಕ್ಕ ಹಾಕಿದರು. 1981ರಲ್ಲಿ ವಿಲ್ಲಿ ಬರ್ಗ್‌ಡಾರ್ಫರ್ ಉಣ್ಣಿಯ ಹೊಟ್ಟೆಯಲ್ಲಿ ಆ ಕಾಯಿಲೆ ತರುವ ಸುರುಳಿ ಬ್ಯಾಕ್ಟೀರಿಯಾ ಕಂಡರು. ಆಂಟಿಬಯಾಟಿಕ್‌ನಿಂದ ಆ ಕೀಲುನೋವು ವಾಸಿಯಾಗುತ್ತದೆ ಎಂಬುದೂ ಸ್ಥಿರಪಟ್ಟಿತು. ಅಲ್ಲಿ ಜನರ ಶಂಕೆಗೂ ಕಾರಣಕ್ಕೂ ತಾಳೆಯಾಯಿತು. 2010ರಲ್ಲಿ ಕ್ಲಮಿಡಿಯಾ ಸೋಂಕಿನ ನಂತರ ಬರುವ ಕೀಲುರೋಗದಲ್ಲೂ ಎರಡು ಆಂಟಿಬಯಾಟಿಕ್ ಸೇರಿಸಿ ಆರು ತಿಂಗಳು ಕೊಟ್ಟಾಗ ನೂರಕ್ಕೆ 63 ಜನಕ್ಕೆ ಗುಣ ಕಂಡಿತು, ಹುಸಿಮಾತ್ರೆಯವರಲ್ಲಿ 20ಕ್ಕೆ. ಹೊರಗಿನಿಂದ ಒಂದೇ ಥರ ಊದಿ ಕೆಂಪಾದ ಮಂಡಿಗಳ ಒಳಗೆ ಒಂದೇ ಕತೆ ನಡೆಯುತ್ತಿರುವುದಿಲ್ಲ.

ಟೆಟ್ರಾಸೈಕ್ಲಿನ್ ಅನ್ನು ಮೊದಲೇ ಪರೀಕ್ಷಿಸಬಹುದಿತ್ತೇ? ಖಂಡಿತ. ಫ್ರೇಸರ್ ಅವರ ಚಿನ್ನದ ಪರೀಕ್ಷೆ, ಬ್ರಿಟನ್ನಿನಲ್ಲಿ 1948ರಲ್ಲಿ ಪ್ರಕಟವಾದ ಸ್ಟ್ರೆಪ್ಟೊಮೈಸಿನ್ ಪರೀಕ್ಷೆ ದಾರಿ ತೋರಿಸಿದ್ದವು. ಹಾಗೆ ಮಾಡದಿರಲು ಹಣದ ಕಾರಣವೂ ಇದ್ದಿತು: ಹಳೆಯ, ಅಗ್ಗದ ಔಷಧಕ್ಕೆ ಹೊಸ ಉಪಯೋಗ ಹುಡುಕಲು ಯಾವ ಕಂಪನಿಯೂ ಕೋಟಿ ಸುರಿಯುವುದಿಲ್ಲ; 1995ರ ಪರೀಕ್ಷೆಗೆ ಅಮೆರಿಕದ ಸರ್ಕಾರಿ ಹಣವೇ ಬೇಕಾಯಿತು. ಅಷ್ಟರಲ್ಲಿ ತಡವಾಗಿತ್ತು. 1988ರಲ್ಲೇ ಮೆಥೊಟ್ರೆಕ್ಸೇಟ್ ಸಂಧಿವಾತಕ್ಕೆ ಅನುಮತಿ ಪಡೆದು ಮೊದಲ ಸಾಲಿನ ಔಷಧವಾಗಿತ್ತು. ಗಮನಿಸಬೇಕಾದ್ದೆಂದರೆ, ಈ ಎರಡೂ ಪ್ರತಿಸ್ಪರ್ಧಿಗಳ ತವರು ಒಂದೇ. ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದ ಸಂಶೋಧನೆಯ ಮುಖ್ಯಸ್ಥರಾಗಿದ್ದಾಗಲೇ ಬೆಂಜಮಿನ್ ಡಗ್ಗರ್ ಮಣ್ಣಿನ ಜೀವಿಯಿಂದ ಮೊದಲ ಟೆಟ್ರಾಸೈಕ್ಲಿನ್ ಆದ ಆರಿಯೊಮೈಸಿನ್ ತೆಗೆದದ್ದು. ಮೆಥೊಟ್ರೆಕ್ಸೇಟ್ ಬಂದದ್ದೂ ಅದೇ ಸುಬ್ಬರಾವ್ ತಂಡದ ಫೋಲಿಕ್ ಆಮ್ಲದ ಕೆಲಸದಿಂದ, ಅದೂ ರಕ್ತದ ಕ್ಯಾನ್ಸರಿಗೆಂದು. 1948ರಲ್ಲಿ ತೀರಿಕೊಂಡ ಸುಬ್ಬರಾವ್ ತಮ್ಮ ಎರಡು ಔಷಧಗಳೂ ಗೆಣ್ಣುನೋವಿನ ಚೀಟಿಯಲ್ಲಿ ಎದುರುಬದುರಾಗುವುದನ್ನು ಕಾಣಲಿಲ್ಲ.

1998ರಲ್ಲಿ ಎಟನರ್ಸೆಪ್ಟ್, ಮರುವರ್ಷ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಹೊಸ ಔಷಧಗಳು ಸಂಧಿವಾತಕ್ಕೆ ಬಂದ ಮೇಲೆ ಮಿನೊಸೈಕ್ಲಿನ್ ಕಡೆ ನೋಡುವವರು ಇನ್ನೂ ಕಡಿಮೆಯಾದರು. ಅದರ ತೊಂದರೆಗಳೂ ಸಣ್ಣವಲ್ಲ: ತಲೆಸುತ್ತು, ವರ್ಷಗಟ್ಟಲೆ ತಿಂದರೆ ಚರ್ಮ ಬೂದುನೀಲಿಗೆ ತಿರುಗುವುದು, ಕೆಲವರಲ್ಲಿ ಯಕೃತ್ತಿನ ಉರಿಯೂತ, ಇನ್ನು ಕೆಲವರಲ್ಲಿ ಲೂಪಸ್. ಕೀಲುರೋಗಕ್ಕೆಂದು ಕೊಟ್ಟ ಔಷಧವೇ ಇನ್ನೊಂದು ಕೀಲುರೋಗ ತರುವುದು ವಿಪರ್ಯಾಸವೇ ಸರಿ. ಜೊತೆಗೆ, ದೊಡ್ಡ ಪರೀಕ್ಷೆಯಲ್ಲಿ ಊತ ಇಳಿದರೂ ಎಕ್ಸ್‌ರೇಯಲ್ಲಿ ಮೂಳೆಯ ಸವೆತ ನಿಂತದ್ದು ಸ್ಪಷ್ಟವಾಗಿ ಕಾಣಲಿಲ್ಲ. ಅಮೆರಿಕದ ಕೀಲುರೋಗ ತಜ್ಞರ ಸಂಘ 2008ರ ಮತ್ತು 2012ರ ಶಿಫಾರಸುಗಳಲ್ಲಿ ಮಿನೊಸೈಕ್ಲಿನ್ ಅನ್ನು ಒಪ್ಪಿತ ಔಷಧಗಳ ಸಾಲಿನಲ್ಲಿ ಇಟ್ಟಿತ್ತು. 2015ರಲ್ಲಿ ಕೈಬಿಟ್ಟಿತು. ಅಪರೂಪಕ್ಕೆ ಬಳಸುತ್ತಾರೆ, ಹೊಸ ಮಾಹಿತಿ ಬಂದಿಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣ. ಚಿನ್ನದ ಲವಣವನ್ನೂ ಅದೇ ಕಾರಣಕ್ಕೆ ಆ ಸಲದ ಪಟ್ಟಿಗೆ ಸೇರಿಸಲಿಲ್ಲ.